ದುರ್ಯೋಧನ ಮುಗ್ಗರಿಸಿದ ಪದ

ನಮ್ಮ ದೊಡ್ಡಪ್ಪ ಊರಿಗೆಲ್ಲ ದುರ್ಯೋಧನ. ಅವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಕುಣಿಗಲ್ ಕಡೆಯ ನಮ್ಮ ಹಳ್ಳಿಯಲ್ಲಿ ‘ಕುರುಕ್ಷೇತ್ರ’ ಆಡಿದಾಗಲೆಲ್ಲ ದುರ್ಯೋಧನನ ಪಾರ್ಟು ಅವರದೇ. ಟೀ ಅಂಗಡಿಯಲ್ಲಿ ಕೂತಿದ್ದರೂ ‘ಏನ್ ದುರ್ಯೋಧನಪ್ಪ, ಸೊಸೈಟಿ ಹಾಲಿನ ಬಿಲ್ ಬಂತಾ?’ ಅಂತಲೇ ಕೇಳುತ್ತಾರೆ.

ತುಮಕೂರು ಜಿಲ್ಲೆಯವರಿಗೆ ಕುರುಕ್ಷೇತ್ರ ನಾಟಕದ ಬಗ್ಗೆ ನಾನು ಹೇಳಬೇಕಿಲ್ಲ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತದೆ, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಪ್ರಾಕ್ಟೀಸು ಮಾಡಿಸುತ್ತಾರೆ, ಪಾರ್ಟು ಮಾಡುವವನೇ ಕೈಯಿಂದ ದುಡ್ಡು ಕಟ್ಟುತ್ತಾನೆ. ದೊಡ್ಡ ಪಾರ್ಟಿಗೆ ದೊಡ್ಡ ದುಡ್ಡು. ದುರ್ಯೋಧನ ಆಗಬೇಕಾದರೆ ಒಂದು ವರ್ಷದ ಕೊಬ್ಬರಿ ದುಡ್ಡಿನಲ್ಲಿ ಒಂದು ಪಾಲು ಹೋಯಿತು ಅಂತ ಲೆಕ್ಕ. ದೊಡ್ಡಮ್ಮ ಬೈದುಕೊಂಡೇ ಕೊಡುತ್ತಿದ್ದರು.

ನಾನು ಚಿಕ್ಕವನಿದ್ದಾಗ ದೊಡ್ಡಪ್ಪ ರಂಗದ ಮೇಲೆ ಗದೆ ಊರಿ ನಿಂತು ಒಂದು ಪದ ಹೇಳುತ್ತಿದ್ದರು. ‘ಏಕಾದಶಾಕ್ಷೌಹಿಣೀಸೇನಾಧಿಪತಿ’. ಹನ್ನೊಂದು ಅಕ್ಷೌಹಿಣಿ ಸೈನ್ಯದ ಒಡೆಯ ಅಂತ. ಕೌರವರದು 11, ಪಾಂಡವರದು 7 ಅಂತ ನಮಗೆಲ್ಲ ಗೊತ್ತಾಗಿದ್ದೇ ಆ ಪದದಿಂದ. ಒಂದೇ ಉಸಿರಿನಲ್ಲಿ, ಒಂದು ಅಕ್ಷರವೂ ಜಾರದ ಹಾಗೆ ಹೇಳಿ ಮುಗಿಸಿದರೆ ಹಿಂದೆ ಕೂತ ಹೆಂಗಸರೂ ಶಿಳ್ಳೆ ಹೊಡೆಯುವುದೊಂದು ಬಾಕಿ. ದೊಡ್ಡಪ್ಪ ಓದಿದ್ದು ನಾಲ್ಕನೇ ಕ್ಲಾಸು.

ಅಂಥವರು 6 ಅಕ್ಷರದ ಒಂದು ಪದದ ಮುಂದೆ ಮುಗ್ಗರಿಸಿದರು. ಆ ಪದವನ್ನು ಪೇಪರಿಗೆ ಬರೆದು ಕಳಿಸಿದವನು ನಾನು. ಈ ಬರಹ ಅದರ ಬಗ್ಗೆ.

ಕೆಲವು ವರ್ಷದ ಹಿಂದಿನ ಮಾತು. ನಮ್ಮೂರ ಪಕ್ಕದ ಹೆದ್ದಾರಿ ಅಗಲ ಮಾಡುತ್ತಾರೆ ಅನ್ನುವ ಸುದ್ದಿ ಬಹಳ ದಿನದಿಂದ ಇತ್ತು. ಒಂದು ದಿನ ಸರ್ವೆ ನಂಬರುಗಳ ಪಟ್ಟಿ ಸಮೇತ ಪ್ರಕಟಣೆ ಬಂತು. ರಾಷ್ಟ್ರೀಯ ಹೆದ್ದಾರಿ ಕಾಯ್ದೆ 1956ರದು. ಅದರ ಪ್ರಕಾರ ಮೊದಲ ಅಧಿಸೂಚನೆ ಗೆಜೆಟ್‌ನಲ್ಲಿ ಬರಬೇಕು, ಅದರ ಸಾರಾಂಶ ಎರಡು ಪತ್ರಿಕೆಗಳಲ್ಲಿ ಬರಬೇಕು, ಅವುಗಳಲ್ಲಿ ಒಂದು ಆಯಾ ಸೀಮೆಯ ಭಾಷೆಯದಾಗಿರಬೇಕು. ಗೆಜೆಟ್‌ನಲ್ಲಿ ಬಂದ 21 ದಿನದೊಳಗೆ, ಆ ಜಮೀನಿನಲ್ಲಿ ಹಕ್ಕು ಇರುವ ಯಾರು ಬೇಕಾದರೂ ಬರವಣಿಗೆಯಲ್ಲಿ ತಕರಾರು ಕೊಡಬಹುದು. ಕೊಟ್ಟವರನ್ನು ಅಧಿಕಾರಿ ಕರೆದು ಕೇಳಬೇಕು. ಕೇಳಿದ ಮೇಲೆ ತಕರಾರು ಒಪ್ಪಬಹುದು, ತಳ್ಳಿಹಾಕಬಹುದು. ಆದರೆ 21 ದಿನ ಕಳೆದ ಮೇಲೆ ಕೊಟ್ಟರೆ ಕೇಳಲೇಬೇಕು ಅಂತ ಇಲ್ಲ.

ನಾನಾಗ ಒಂದು ದಿನಪತ್ರಿಕೆಗೆ ಸ್ಟ್ರಿಂಗರ್. ಯಾವುದು ಅನ್ನುವುದು ಬೇಡ. ಡಿಪ್ಲೊಮಾ ಮುಗಿಸಿ, ತುಮಕೂರಿನಲ್ಲಿ ರೂಮು ಮಾಡಿಕೊಂಡು, ಗುಬ್ಬಿ, ಕುಣಿಗಲ್ ಎರಡನ್ನೂ ಬೈಕಿನಲ್ಲಿ ಸುತ್ತುತ್ತಿದ್ದೆ. ಪ್ರಕಟಣೆ ಕೈಗೆ ಸಿಕ್ಕಿತು. ಸಂಜೆ ಐದಕ್ಕೆ ಸುದ್ದಿ ಕಳಿಸಬೇಕು, ಇನ್ನೂ ಮೂರು ಸುದ್ದಿ ಬಾಕಿ. ಪ್ರಕಟಣೆಯಲ್ಲಿ ಇದ್ದದ್ದನ್ನೇ ಎತ್ತಿ ಬರೆದೆ. ‘ಆಕ್ಷೇಪಣಾವಧಿಯೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಲಿಖಿತಾಕ್ಷೇಪಣೆ ಸಲ್ಲಿಸಬಹುದಾಗಿದೆ’. ಒಳ್ಳೇ ಗಂಭೀರವಾಗಿದೆ ಅನಿಸಿತ್ತು. ಮಾರನೇ ದಿನ ಮೂಲೆಯಲ್ಲಿ ಏಳು ಸಾಲು ಬಂತು.

ದೊಡ್ಡಪ್ಪನ ತೋಟದ ಸರ್ವೆ ನಂಬರೂ ಪಟ್ಟಿಯಲ್ಲಿತ್ತು. ಅದನ್ನು ನಾನು ನೋಡಲಿಲ್ಲ. ಪಟ್ಟಿ ನಾಲ್ಕು ಪುಟ ಇತ್ತು, ನಾನು ಮೊದಲ ಪುಟ ನೋಡಿ ಬಿಟ್ಟಿದ್ದೆ.

ದೊಡ್ಡಪ್ಪ ಪೇಪರ್ ನೋಡಿದರು. ಟೀ ಅಂಗಡಿಯಲ್ಲಿ ನನ್ನ ಸುದ್ದಿ ಬಂದ ದಿನ ಅವರು ಎರಡು ಸಲ ಓದುತ್ತಾರೆ, ಒಂದು ಸಲ ಮನಸ್ಸಿನಲ್ಲಿ, ಒಂದು ಸಲ ಪಕ್ಕದವರಿಗೆ. ಅವತ್ತು ಪಕ್ಕದವರಿಗೆ ಓದಲಿಲ್ಲವಂತೆ. ಆ ಒಂದು ಪದದ ಹತ್ತಿರ ನಾಲಿಗೆ ನಿಂತುಬಿಟ್ಟಿತು. ‘ಆಕ್ಷೇಪಣಾ’ ಅಂತ ಒಂದು ಇದೆ, ಸರಿ. ಆಮೇಲೆ ‘ವಧಿ’ ಅಂತ ಇದೆ. ವಧೆ ಗೊತ್ತು, ಕೀಚಕ ವಧೆ ಆಡಿದ್ದಾರೆ. ವಿಧಿ ಗೊತ್ತು. ವಧಿ ಯಾವುದು?

ಯಾರನ್ನಾದರೂ ಕೇಳಬಹುದಿತ್ತು. ನನಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ದುರ್ಯೋಧನನಿಗೆ ಓದೋಕೆ ಬರಲ್ಲ ಅಂತ ಅಂಗಡಿಯಲ್ಲಿ ಆಡಿಕೊಂಡರೆ? ಪೇಪರ್ ಮಡಚಿಟ್ಟು ಎದ್ದು ಬಂದರು.

ಇನ್ನೊಂದು ಪದವೂ ಅವರನ್ನು ಯಾಮಾರಿಸಿತ್ತು. ಅದು ‘ಸ್ವಾಧೀನ’. ಸುದ್ದಿಯಲ್ಲಿ ‘ಭೂಸ್ವಾಧೀನ’ ಅಂತ ಇತ್ತು. ನಿಮ್ಮ ಪಹಣಿ ತೆಗೆದು ನೋಡಿ. ಅದರಲ್ಲಿ ‘ಸ್ವಾಧೀನದಾರ’ ಅಂತ ಒಂದು ಕಲಂ ಇದೆ. ಅಲ್ಲಿ ಬರುವುದು ನಿಮ್ಮ ಹೆಸರು, ನಿಮ್ಮಪ್ಪನ ಹೆಸರು. ಸ್ವ ಅಂದರೆ ತನ್ನ, ಅಧೀನ ಅಂದರೆ ವಶ. ತನ್ನ ವಶದಲ್ಲಿರುವುದು ಸ್ವಾಧೀನ. ಪಹಣಿಯಲ್ಲಿ ‘ತಾನು’ ಅಂದರೆ ರೈತ. ಪ್ರಕಟಣೆಯಲ್ಲಿ ‘ತಾನು’ ಅಂದರೆ ಸರ್ಕಾರ. ಪದ ಒಂದೇ, ಜಮೀನು ಮಾತ್ರ ಈ ಕಡೆಯಿಂದ ಆ ಕಡೆಗೆ ಹೋಗಿರುತ್ತದೆ. ‘ನನ್ ಸ್ವಾಧೀನದಾಗೆ ಅದೆ ಅಂತ ಬರ್ದವ್ರೆ, ಇನ್ನೇನು ಯೋಚ್ನೆ’ ಅಂದುಕೊಂಡರಂತೆ ದೊಡ್ಡಪ್ಪ.

21 ದಿನ ಕಳೆಯಿತು. ಆಮೇಲೆ ಕಲ್ಲು ನೆಡಲು ಬಂದಾಗಲೇ ಗೊತ್ತಾಗಿದ್ದು.

ಅವರಿಗೆ ರಸ್ತೆ ಬೇಡ ಅಂತ ಇರಲಿಲ್ಲ. ತೋಟದ ತುದಿಯಲ್ಲಿ ಅಜ್ಜನ ಕಾಲದ ತೆರೆದ ಬಾವಿ, ಅದರ ಪಕ್ಕದಲ್ಲಿ ಅಜ್ಜ ಅಜ್ಜಿಯ ಸಮಾಧಿ. ರಸ್ತೆಯ ಆ ಬದಿಯಲ್ಲಿ ಪಾಳು ಬಿದ್ದ ಜಾಗ ಇತ್ತು. ಒಂದಿಷ್ಟು ಆ ಕಡೆ ಸರಿಸಿ ಅಂತ ಒಂದು ಅರ್ಜಿ ಕೊಡಬೇಕಿತ್ತು, ಅಷ್ಟೇ. ಕೊಟ್ಟಿದ್ದರೆ ಸರಿಸುತ್ತಿದ್ದರು ಅಂತ ನಾನು ಹೇಳಲಾರೆ. ಬಹುಶಃ ಇಲ್ಲ. ಆದರೆ ಕರೆದು ಕೇಳುತ್ತಿದ್ದರು. ಬೆಲೆಯ ತಕರಾರಿಗೆ ಮುಂದೆ ಬೇರೆ ದಾರಿ ಇತ್ತು, ದುಡ್ಡೂ ಬಂತು. ಕೇಳುವ ಆ ಒಂದು ದಿನ ಮಾತ್ರ ಬರಲೇ ಇಲ್ಲ.

ನಾನು ಊರಿಗೆ ಹೋದಾಗ ದೊಡ್ಡಪ್ಪ ಜಗಲಿಯ ಮೇಲೆ ಕೂತಿದ್ದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ‘ನೀನೇ ಬರ್ದಿದ್ದೆ ಕಣ್ ಮಗ. ಬರ್ದಿದ್ದು ಸರಿಯಾಗೇ ಬರ್ದಿದ್ದೆ. ನಂಗೇ ಓದಕ್ಕೆ ಬರ್ಲಿಲ್ಲ’ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಮೊದಮೊದಲು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪ್ರಕಟಣೆಯಲ್ಲಿ ಇದ್ದದ್ದನ್ನು ಬರೆದೆ, ತಪ್ಪೇನು? ಪದ ತಪ್ಪಿಲ್ಲ, ವ್ಯಾಕರಣ ತಪ್ಪಿಲ್ಲ. ಆಮೇಲೆ ಒಂದು ದಿನ ಗುಬ್ಬಿಯಲ್ಲಿ ಯಾವುದೋ ಸುದ್ದಿಗೆ ಹೋದವನು, ಅಲ್ಲಿ ನಮಗೆ ಕನ್ನಡ ಪಾಠ ಮಾಡಿದ್ದ ಮೇಷ್ಟ್ರ ಮನೆಗೆ ಹೋದೆ. ಈಗ ರಿಟೈರಾಗಿದ್ದಾರೆ. ವಿಷಯ ಹೇಳಿದೆ. ಅವರು ಸಮಾಧಾನ ಹೇಳುವ ಜಾತಿಯವರಲ್ಲ. ‘ಪದ ಬಿಡಿಸು’ ಅಂದರು, ಎಂಟನೇ ಕ್ಲಾಸಿನಲ್ಲಿ ಹೇಳಿದ ಹಾಗೇ.

‘ಆಕ್ಷೇಪಣಾ ಪ್ಲಸ್ ಅವಧಿ, ಸಾರ್. ಸವರ್ಣದೀರ್ಘ ಸಂಧಿ.’

‘ನಿಮ್ ದೊಡ್ಡಪ್ಪನಿಗೆ ಅವಧಿ ಅಂದ್ರೆ ಗೊತ್ತಾ?’

ಗೊತ್ತು. ಸಾಲದ ಅವಧಿ ಗೊತ್ತು, ಪಂಚಾಯ್ತಿ ಮೆಂಬರ್ ಅವಧಿ ಗೊತ್ತು. ಆಕ್ಷೇಪಣೆಯೂ ಗೊತ್ತು, ಗ್ರಾಮಸಭೆಯಲ್ಲಿ ಎದ್ದು ನಿಂತು ಮಾಡಿದ್ದಾರೆ. ಎರಡೂ ಗೊತ್ತಿರುವ ಪದಗಳೇ. ಕೂಡಿಸಿದಾಗ ‘ಅವಧಿ’ಯ ತಲೆಯ ಮೇಲಿನ ‘ಅ’ ಮಾಯ. ಅದು ಹಿಂದಿನ ‘ಣಾ’ದೊಳಗೆ ಕರಗಿಹೋಗಿದೆ. ತಲೆ ಇಲ್ಲದ ಮನುಷ್ಯನನ್ನು ನೆಂಟ ಅಂತ ಗುರುತು ಹಿಡಿಯುವುದು ಹೇಗೆ?

ನಮ್ಮ ಕನ್ನಡದ್ದೇ ಸಂಧಿಗಳಲ್ಲೂ ಅಕ್ಷರ ಹೋಗುತ್ತದೆ, ಬರುತ್ತದೆ. ಮಳೆ, ಕಾಲ ಸೇರಿ ಮಳೆಗಾಲ ಆಗುತ್ತದೆ, ‘ಕ’ ಹೋಗಿ ‘ಗ’ ಬರುತ್ತದೆ. ಮನೆ, ಅಲ್ಲಿ ಸೇರಿದರೆ ನಡುವೆ ಒಂದು ‘ಯ’ ಬಂದು ಮನೆಯಲ್ಲಿ. ಊರು, ಅಲ್ಲಿ ಸೇರಿದರೆ ಒಂದು ‘ಉ’ ಬಿದ್ದುಹೋಗಿ ಊರಲ್ಲಿ. ಯಾವ ಮಗುವೂ ಮಳೆಗಾಲಕ್ಕೆ ಮುಗ್ಗರಿಸುವುದಿಲ್ಲ, ಯಾಕೆಂದರೆ ಅದು ಕಣ್ಣಿಗಿಂತ ಮೊದಲು ಕಿವಿಗೆ ಬಿದ್ದಿರುತ್ತದೆ. ಕಚೇರಿ ಪದದ ಕತೆ ಉಲ್ಟಾ. ಅದನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಮೊದಲ ಸಲ ಕಾಣುವುದೇ ಕಾಗದದಲ್ಲಿ, ಅದೂ ನೋಟಿಸು ಬಂದ ದಿನ.

ಮೇಷ್ಟ್ರು ಇನ್ನೊಂದು ಪದ ಕೊಟ್ಟರು, ‘ಉಪವಿಭಾಗಾಧಿಕಾರಿ’. ನಾವೆಲ್ಲ ಎ.ಸಿ. ಅನ್ನುತ್ತೀವಲ್ಲ, ಅವರು. ‘ಇದನ್ನ ಎರಡು ತುಂಡು ಮಾಡು. ಎಲ್ಲಿ ಕತ್ತರಿ ಹಾಕ್ತೀಯ?’

ಉಪವಿಭಾಗ ಅಂತ ನಿಲ್ಲಿಸಿದರೆ ಉಳಿಯುವುದು ‘ಧಿಕಾರಿ’. ಉಪವಿಭಾಗಾ ಅಂತ ನಿಲ್ಲಿಸಿದರೂ ‘ಧಿಕಾರಿ’ಯೇ. ಆ ‘ಗಾ’ ದೀರ್ಘದಲ್ಲಿ ಅರ್ಧ ಹಿಂದಿನ ಪದದ್ದು, ಅರ್ಧ ಮುಂದಿನದು. ಅಣ್ಣ ತಮ್ಮ ಪಾಲಾದಾಗ ಎರಡು ಮನೆಗೂ ಸೇರಿದ ಒಂದು ನಡುಗೋಡೆ ಉಳಿಯುತ್ತದಲ್ಲ, ಹಾಗೆ. ಅದನ್ನು ಯಾರ ಪಾಲಿಗೂ ಹಾಕಲಾಗದು. ಪೇಪರಿನ ಸಣ್ಣ ಕಾಲಂನಲ್ಲಿ ಈ ಪದ ಸಾಲಿನ ತುದಿಗೆ ಬಂದರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಒಮ್ಮೆ ನನ್ನದೇ ಸುದ್ದಿಯಲ್ಲಿ ‘ಉಪವಿಭಾಗಾ’ ಒಂದು ಸಾಲಿನಲ್ಲಿ, ‘ಧಿಕಾರಿ’ ಮುಂದಿನ ಸಾಲಿನಲ್ಲಿ ಬಂದು, ಗುಬ್ಬಿಯ ಗೆಳೆಯನೊಬ್ಬ ಎರಡು ತಿಂಗಳು ನನ್ನನ್ನು ‘ಏನ್ ಧಿಕಾರಿ’ ಅಂತ ಕರೆದಿದ್ದ.

ಆಮೇಲೆ ಪ್ರಸ್ತಾರಕ್ಕೆ ಬಂದರು. ನೀವೂ ಸ್ಕೂಲಿನಲ್ಲಿ ಹಾಕಿರುತ್ತೀರಿ. ಪದ್ಯದ ಸಾಲಿನ ಮೇಲೆ ಲಘುವಿಗೆ ಒಂದು ಬಟ್ಟಲು, ಗುರುವಿಗೆ ಒಂದು ಅಡ್ಡಗೆರೆ. ದೀರ್ಘ ಅಕ್ಷರ ಗುರು, ಅನುಸ್ವಾರ ವಿಸರ್ಗ ಇದ್ದದ್ದು ಗುರು, ಒತ್ತಕ್ಷರದ ಹಿಂದಿನದು ಗುರು. ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ, ಮೂರು, ಆರನೇ ಸಾಲಿಗೆ 23. ಇದನ್ನೆಲ್ಲ ನಾವು ಪರೀಕ್ಷೆಗೆ ಬಾಯಿಪಾಠ ಮಾಡಿ ಮಾರನೇ ದಿನ ಮರೆತವರು. ಒತ್ತಕ್ಷರದ ಹಿಂದಿನ ಅಕ್ಷರ ಯಾಕೆ ಗುರು ಅಂತ ನಾನಂತೂ ಯಾವತ್ತೂ ಕೇಳಿರಲಿಲ್ಲ.

‘ಕಲ್ಲು ಅನ್ನು’ ಅಂದರು ಮೇಷ್ಟ್ರು. ‘ನಿಧಾನಕ್ಕೆ ಅನ್ನು. ಬಾಯಿ ಎಲ್ಲಿ ನಿಂತ್ಕೊಳ್ತು?’

ಕಲ್. ಲು. ಬರೆಯುವಾಗ ‘ಕ’ ಆದ ಮೇಲೆ ‘ಲ್ಲು’. ಹೇಳುವಾಗ ಒಂದು ‘ಲ್’ ಹಿಂದಕ್ಕೆ ಹೋಗಿ ‘ಕ’ಗೆ ಅಂಟಿಕೊಳ್ಳುತ್ತದೆ. ಆ ಭಾರ ಹೊತ್ತಿದ್ದಕ್ಕೇ ‘ಕ’ ಗುರು. ಹಾಗೇ ಸತ್ಯ ಅನ್ನುವಾಗ ಸತ್, ಯ. ಆಕ್ಷೇಪ ಅನ್ನುವಾಗ ಆಕ್, ಷೇ, ಪ. ಕೈ ಬರೆಯುವ ತುಂಡು ಬೇರೆ, ಬಾಯಿ ಕತ್ತರಿಸುವ ತುಂಡು ಬೇರೆ. ಅರ್ಕಾವೊತ್ತು ಇನ್ನೂ ಒಂದು ಹೆಜ್ಜೆ ಮುಂದೆ. ‘ಅರ್ಹ’ ಅಂತ ಬರೆದಾಗ ರಕಾರ ಕಾಣುವುದು ‘ಹ’ ಆದ ಮೇಲೆ, ಹೇಳುವುದು ಅದಕ್ಕಿಂತ ಮೊದಲು. ಗೊತ್ತಿರುವ ಪದವಾದರೆ ಬಾಯಿಯೇ ಸರಿ ಮಾಡಿಕೊಂಡು ಹೋಗುತ್ತದೆ. ಗೊತ್ತಿಲ್ಲದ ಪದ ಬಂದಾಗ ಕಣ್ಣು ಹೇಳಿದ ತುಂಡನ್ನೇ ಬಾಯಿ ನಂಬಬೇಕು, ಅಲ್ಲಿ ಎಡವುತ್ತದೆ. ‘ಅನರ್ಹ ಫಲಾನುಭವಿಗಳ ಪಟ್ಟಿ’ ಅಂತ ಪಂಚಾಯ್ತಿ ಬೋರ್ಡಿಗೆ ಅಂಟಿಸಿದ್ದನ್ನು ಒಬ್ಬ ಅಜ್ಜಿ ತನ್ನ ಹೆಸರು ಇದೆ ಅಂತ ಸಂತೋಷದಿಂದ ತೋರಿಸಿದ್ದು ನನಗೆ ನೆನಪಿದೆ. ಮೊದಲ ಎರಡು ಅಕ್ಷರ ಅವರ ಪಾಲಿಗೆ ಬರೀ ಸದ್ದು.

ಗುಬ್ಬಿಯಲ್ಲಿ ಕೂತು ಈ ಮಾತು ಆಡುವಾಗ ನಾಟಕ ಬರದೇ ಇರುತ್ತದೆಯೇ. ಗುಬ್ಬಿ ವೀರಣ್ಣನವರ ಕಂಪನಿಯ ಪೂರ್ತಿ ಹೆಸರು ಏನು ಗೊತ್ತಾ ಅಂದರು ಮೇಷ್ಟ್ರು. ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಮಂಡಳಿ. 1884ರಲ್ಲಿ ಶುರುವಾಗಿದ್ದು. ಅಷ್ಟು ಉದ್ದದ ಹೆಸರನ್ನು ಜನ ‘ಗುಬ್ಬಿ ಕಂಪನಿ’ ಅಂತ ನಾಲ್ಕೈದು ಅಕ್ಷರಕ್ಕೆ ಇಳಿಸಿಕೊಂಡರು. ಆದರೆ ಅದೇ ಜನ ಟಿಕೆಟ್ ತಗೊಂಡು ಒಳಗೆ ಕೂತು, ಮೈಕ್ ಇಲ್ಲದ ಕಾಲದಲ್ಲಿ ಮಾರುದ್ದದ ಸಮಾಸಗಳನ್ನು ಕಿವಿಯಲ್ಲಿ ಕೇಳಿ ಅರ್ಥ ಮಾಡಿಕೊಂಡರು. ನಟ ಎಲ್ಲಿ ಉಸಿರು ತಗೊಳ್ಳುತ್ತಾನೆ ಅನ್ನುವುದರ ಮೇಲೇ ಅರ್ಥ ನಿಂತಿರುತ್ತಿತ್ತು.

ಆಗ ನನಗೆ ದೊಡ್ಡಪ್ಪನ ಪ್ರಾಕ್ಟೀಸು ನೆನಪಾಯಿತು. ಹಾರ್ಮೋನಿಯಂ ಮೇಷ್ಟ್ರು ಅವರಿಗೆ ಪುಸ್ತಕ ಕೊಟ್ಟಿರಲಿಲ್ಲ. ಪದವನ್ನು ಹಿಂದಿನಿಂದ ಕಟ್ಟುತ್ತಿದ್ದರು. ಮೊದಲು ‘ಅಧಿಪತಿ’ ಅನ್ನಿ. ಅಂದರು. ಈಗ ‘ಸೇನಾಧಿಪತಿ’ ಅನ್ನಿ. ಅಂದರು. ಈಗ ‘ಅಕ್ಷೌಹಿಣೀಸೇನಾಧಿಪತಿ’. ಕೊನೆಗೆ ಮುಂದೆ ‘ಏಕಾದಶ’ ತಗುಲಿಸಿ. ಹೊಸ ತುಂಡು ಮುಂದೆ ಬರುತ್ತದೆ, ಆಮೇಲಿನದೆಲ್ಲ ಆಗಲೇ ಬಾಯಿಗೆ ಬಂದಿರುತ್ತದೆ, ಇಳಿಜಾರಿನಲ್ಲಿ ಸೈಕಲ್ ಬಿಟ್ಟ ಹಾಗೆ. ಮೇಷ್ಟ್ರ ಮುಂದೆ ಕೂತು ಪ್ರಸ್ತಾರ ಹಾಕಿ ನೋಡಿದೆ. ಆ ಪದದಲ್ಲಿ 12 ಅಕ್ಷರ, 7 ಗುರು, 5 ಲಘು, ಒಟ್ಟು 19 ಮಾತ್ರೆ. ಆಕ್ಷೇಪಣಾವಧಿ ಬರೀ 6 ಅಕ್ಷರ, 9 ಮಾತ್ರೆ. ದೊಡ್ಡದು ನುಂಗಿದವರಿಗೆ ಚಿಕ್ಕದು ಗಂಟಲಿಗೆ ಸಿಕ್ಕಿಕೊಂಡಿತು, ಯಾಕೆಂದರೆ ಚಿಕ್ಕದನ್ನು ಬಿಡಿಸಿ ಕೊಡುವ ಮೇಷ್ಟ್ರು ಇರಲಿಲ್ಲ. ಆ ಕೆಲಸ ನನ್ನದಾಗಿತ್ತು.

ಮೇಷ್ಟ್ರು ಎದ್ದು ಬರುವಾಗ ಕವಿರಾಜಮಾರ್ಗದ ಮಾತು ಎತ್ತಿದರು. ಒಂಬತ್ತನೇ ಶತಮಾನದ ಆ ಪುಸ್ತಕದಲ್ಲೇ, ಸಂಸ್ಕೃತ ಕನ್ನಡ ಎರಡನ್ನೂ ಹದ ತಪ್ಪಿ ಬೆರೆಸುವುದು ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಹಾಕಿದ ಹಾಗೆ ಅನ್ನುವ ಅರ್ಥದ ಮಾತಿದೆಯಂತೆ. ಹಾಲು ಒಡೆಯುವುದು ಸಾವಿರದ ಇನ್ನೂರು ವರ್ಷದಿಂದ ನಡೆದಿದೆ ಅಂದರೆ ನನಗೆ ಸ್ವಲ್ಪ ಧೈರ್ಯವೂ ಬಂತು.

ಇದು ನಮ್ಮ ಕನ್ನಡಕ್ಕೆ ಮಾತ್ರ ಇರುವ ಕಷ್ಟ ಅಲ್ಲ. ನಮ್ಮ ಪಕ್ಕದೂರಿನ ಹುಡುಗನೊಬ್ಬ ನಾರ್ವೆ ದೇಶದಲ್ಲಿ ಕೆಲಸಕ್ಕಿದ್ದಾನೆ. ಅವನು ಆ ಭಾಷೆ ಕಲಿಯುವಾಗ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಿದ್ದ. ಅಲ್ಲಿಯೂ ಎರಡು ಮೂರು ಪದ ಸೇರಿದರೆ ಜಾಗ ಬಿಡದೆ ಒಟ್ಟಿಗೆ ಬರೆಯುತ್ತಾರೆ, ರೈಲಿನ ಬೋಗಿ ಹಾಗೆ. ಬಿಡಿಸಿ ಬರೆದರೆ ತಪ್ಪು. ತಪ್ಪು ಅಂದರೆ ಎಂಥಾ ತಪ್ಪು ಅಂತ ಅವನು ಹೇಳಿದ ಒಂದು ಉದಾಹರಣೆ ಆ ದೇಶದಲ್ಲಿ ಎಲ್ಲರಿಗೂ ಗೊತ್ತಿರುವ ತಮಾಷೆಯಂತೆ. ‘ರೊಯ್ಕ್’ ಅಂದರೆ ಹೊಗೆ, ‘ಸೇದು’ ಅಂತಲೂ ಆಗುತ್ತದೆ. ‘ಫ್ರಿಟ್’ ಅಂದರೆ ಮುಕ್ತ. ‘ರೊಯ್ಕ್‌ಫ್ರಿಟ್’ ಅಂತ ಒಟ್ಟಿಗೆ ಬರೆದರೆ ಇಲ್ಲಿ ಸಿಗರೇಟು ಸೇದಬಾರದು ಅಂತ. ನಡುವೆ ಜಾಗ ಬಿಟ್ಟು ‘ರೊಯ್ಕ್ ಫ್ರಿಟ್’ ಅಂತ ಬೋರ್ಡು ಬರೆದರೆ ಬೇಕಾದಷ್ಟು ಸೇದು ಅಂತ.

ನಾನು ನಕ್ಕು, ಆಮೇಲೆ ನಮ್ಮೂರ ಗೋಡೆ ನೆನೆಸಿಕೊಂಡೆ. ‘ಬಯಲು ಬಹಿರ್ದೆಸೆ ಮುಕ್ತ ಗ್ರಾಮ’. ಈ ಬರಹ ಓದುತ್ತಿರುವ ನಿಮ್ಮೂರಲ್ಲೂ ಎಲ್ಲೋ ಒಂದು ಕಡೆ ಇದ್ದೀತು. ನಮ್ಮ ‘ಮುಕ್ತ’ಕ್ಕೂ ಎರಡು ಮುಖ. ‘ಪ್ರವೇಶ ಮುಕ್ತ’ ಅಂದರೆ ಎಲ್ಲರೂ ಬನ್ನಿ. ‘ಮದ್ಯ ಮುಕ್ತ’ ಅಂದರೆ ಯಾರೂ ಕುಡಿಯಬೇಡಿ. ಗೋಡೆಯ ಆ ಬರಹವನ್ನು ನಮ್ಮ ಊರಿನವನೊಬ್ಬ ‘ಬಯಲಿಗೆ ಹೋಗೋಕೆ ಈಗ ಯಾರ ಅಡ್ಡಿಯೂ ಇಲ್ಲ ಅಂತ ಪಂಚಾಯ್ತಿಯೋರೇ ಬರ್ಸವ್ರೆ’ ಅಂತ ಓದಿ ಎಲ್ಲರನ್ನೂ ನಗಿಸಿದ್ದ. ತಮಾಷೆಗೆ ಓದಿದನೋ ನಿಜಕ್ಕೂ ಹಾಗೇ ಓದಿದನೋ ನಾನು ಕೇಳಲಿಲ್ಲ.

ಆದರೆ ನಾರ್ವೆಯವರಿಗೂ ನಮಗೂ ಒಂದು ವ್ಯತ್ಯಾಸ ಇದೆ. ಅವರು ಜೋಡಿಸುವಾಗ ಸಾಮಾನ್ಯವಾಗಿ ತುಂಡುಗಳು ತುಂಡಾಗಿಯೇ ಉಳಿಯುತ್ತವೆ. ಎಷ್ಟೋ ಪದಗಳಲ್ಲಿ ನಡುವೆ ಒಂದು ‘ಸ್’ ಬರುತ್ತದೆ. ‘ಅರ್ಬೈಡ್’ ಕೆಲಸ, ‘ಪ್ಲಾಸ್’ ಜಾಗ, ಸೇರಿದರೆ ‘ಅರ್ಬೈಡ್ಸ್‌ಪ್ಲಾಸ್’, ಕೆಲಸದ ಜಾಗ. ಹಲಗೆಗೆ ಮೊಳೆ ಹೊಡೆದ ಹಾಗೆ, ಮೊಳೆ ಕಂಡರೆ ಎಲ್ಲಿ ಬಿಡಿಸಬೇಕು ಅಂತ ಗೊತ್ತಾಗುತ್ತದೆ. ನಮ್ಮ ಕಚೇರಿ ಪದಗಳದು ವೆಲ್ಡಿಂಗ್. ಅಂಚು ಕರಗಿ ಒಂದಾಗಿರುತ್ತದೆ.

ನಮ್ಮ ಜನ ಇದಕ್ಕೆ ತಮ್ಮದೇ ಪರಿಹಾರ ಕಂಡುಕೊಂಡಿದ್ದಾರೆ, ಮೊಟಕು ಮಾಡುವುದು. ಚಿಕ್ಕನಾಯಕನಹಳ್ಳಿಯನ್ನು ಪೇಪರಿನವರು ಚಿ.ನಾ.ಹಳ್ಳಿ ಮಾಡಿದೆವು. ಗುಬ್ಬಿ ತಾಲ್ಲೂಕಿನ ಚಂದ್ರಶೇಖರಪುರ ಸಿ.ಎಸ್.ಪುರ ಆಯಿತು. ಆ ಕಡೆಯ ಹುಡುಗರನ್ನು ಸಿ.ಎಸ್. ಅಂದರೆ ಏನು ಅಂತ ಕೇಳಿ ನೋಡಿ, ಹತ್ತರಲ್ಲಿ ನಾಲ್ವರು ತಲೆ ಕೆರೆದುಕೊಳ್ಳುತ್ತಾರೆ. ಇಂಗ್ಲಿಷಿನವರು ನಮ್ಮ ತುಮಕೂರನ್ನೇ ‘ತುಮ್ಕುರ್’ ಮಾಡಿದ್ದರು. ತು, ಮ, ಕೂ, ರು ಅನ್ನುವ ನಾಲ್ಕು ತುಂಡನ್ನು ಎರಡಕ್ಕೆ ಇಳಿಸಿ ಬೋರ್ಡು ಹಾಕಿದ್ದರು. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು ಸೇರಿ 12 ಊರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾದಾಗ ನಮ್ಮ ಬಿದ್ದುಹೋದ ಅಕ್ಷರಗಳೂ ವಾಪಸ್ ಬಂದವು. ಬಸ್ಸಿನ ಕಂಡಕ್ಟರ್ ಮಾತ್ರ ಅವತ್ತೂ ‘ತುಮ್ಕೂರ್ ತುಮ್ಕೂರ್’, ಇವತ್ತೂ ಅದೇ. ಅವನ ಬಾಯಿ ಅವನದು, ನನಗೇನೂ ತಕರಾರಿಲ್ಲ. ಊರಿನ ಹೆಸರು ಮೊಟಕಾದರೆ ಬಸ್ಸು ತಪ್ಪುವುದಿಲ್ಲ.

ಮೇಷ್ಟ್ರ ಮನೆಯಿಂದ ಬಂದ ಮೇಲೆ ಒಂದು ನೋಟ್‌ಬುಕ್ ಇಟ್ಟೆ. ಪ್ರೆಸ್‌ನೋಟಿನಲ್ಲಿ ಬರುವ ಇಂಥ ಪದಗಳನ್ನು ಬರೆದು, ಪಕ್ಕದಲ್ಲಿ ಬಿಡಿಸಿ, ಅದರ ಪಕ್ಕದಲ್ಲಿ ನಮ್ಮೂರಲ್ಲಿ ಏನನ್ನುತ್ತಾರೆ ಅಂತ ಬರೆಯುವುದು. ಆಕ್ಷೇಪಣಾವಧಿ ಅಂದರೆ ‘ತಕರಾರು ಕೊಡಲು ಇರುವ ದಿನ’. ಲಿಖಿತಾಕ್ಷೇಪಣೆ ಅಂದರೆ ‘ಬರೆದು ಕೊಡುವ ತಕರಾರು’. ಭೂಸ್ವಾಧೀನ ಅಂದರೆ ‘ಸರ್ಕಾರ ಜಮೀನು ತಗೊಳ್ಳುವುದು’. ಈ ಕೊನೆಯದು ನೋಡಿ, ಬಿಡಿಸಿದರೂ ಉಪಯೋಗ ಇಲ್ಲ. ಭೂಮಿ, ಸ್ವ, ಅಧೀನ ಅಂತ ಬಿಡಿಸಿದರೆ ದೊಡ್ಡಪ್ಪ ಓದಿದ ಅರ್ಥವೇ ಬರುತ್ತದೆ. ಕೆಲವು ಪದ ಬಿಡಿಸಬೇಕು, ಕೆಲವನ್ನು ಎತ್ತಿ ಪಕ್ಕಕ್ಕಿಡಬೇಕು. ಅದು ಗೊತ್ತಾಗಲು ನನಗೆ ವರ್ಷ ಹಿಡಿಯಿತು.

ಡೆಸ್ಕಿನವರಿಗೆ ಇದು ಹಿಡಿಸಲಿಲ್ಲ. ‘ತಕರಾರು ಕೊಡಲು ಇರುವ ದಿನ’ ಅಂದರೆ ಜಾಗ ಜಾಸ್ತಿ ತಿನ್ನುತ್ತದೆ, ಭಾಷೆ ಹಗುರ ಆಯಿತು ಅಂತ ವಾಪಸ್ ಆಕ್ಷೇಪಣಾವಧಿ ಮಾಡಿ ಹಾಕಿದರು. ಎರಡು ಸಲ ಹೇಳಿದೆ, ಮೂರನೇ ಸಲ ಸುಮ್ಮನಾದೆ. ಅವರ ಮಾತಿನಲ್ಲೂ ಒಂದಿಷ್ಟು ನ್ಯಾಯ ಇದೆ. ಕೋರ್ಟಿಗೆ ಹೋದರೆ ನಡೆಯುವುದು ಕಾಗದದಲ್ಲಿರುವ ಪದವೇ. ಅರ್ಜಿಯ ತಲೆಬರಹದಲ್ಲಿ ಆ ಪದ ಇಲ್ಲದಿದ್ದರೆ ಕೌಂಟರಿನಲ್ಲಿ ತಗೊಳ್ಳುವುದಿಲ್ಲ. ಹಾಗಾಗಿ ಈಗ ಎರಡನ್ನೂ ಬರೆಯುತ್ತೇನೆ, ಮೊದಲು ನಮ್ಮ ಮಾತು, ಆಮೇಲೆ ‘ನೋಟಿಸಿನಲ್ಲಿ ಇದನ್ನು ಹೀಗೆ ಬರೆದಿರುತ್ತಾರೆ’ ಅಂತ ಅವರ ಪದ. ಪೇಪರಿನಲ್ಲಿ ಆಗದ್ದನ್ನು ವಾಟ್ಸಾಪ್ ಗುಂಪಿಗೆ ಎರಡು ನಿಮಿಷದ ವಾಯ್ಸ್ ಮಾಡಿ ಹಾಕುತ್ತೇನೆ. ಕುಣಿಗಲ್ ತಾಲ್ಲೂಕು ಕಚೇರಿ ಮುಂದೆ ಅಂಟಿಸಿದ ನೋಟಿಸನ್ನು ಫೋಟೊ ಹೊಡೆದು, ಉದ್ದದ ಪದ ಬಂದಲ್ಲಿ ನಿಂತು, ಹಾರ್ಮೋನಿಯಂ ಮೇಷ್ಟ್ರ ಹಾಗೆ ಹಿಂದಿನಿಂದ ಕಟ್ಟಿ ಹೇಳುತ್ತೇನೆ. ‘ಅವಧಿ. ಆಕ್ಷೇಪಣೆಯ ಅವಧಿ. ಆಕ್ಷೇಪಣಾವಧಿ.’ ಮೊದಲ ವಾಯ್ಸಿನಲ್ಲಿ ನಾನೇ ‘ಪ್ರಾಧಿಕಾರ’ವನ್ನು ‘ಪ್ರಾದಿಕಾರ’ ಅಂದಿದ್ದೆ. ಮಹಾಪ್ರಾಣ ನಮ್ಮ ಕಡೆ ಬಾಯಿಗೆ ಬರುವುದು ಕಷ್ಟ. ಗುಬ್ಬಿಯ ಮೇಷ್ಟ್ರು ಅದನ್ನು ಕೇಳಿ ಒಂದು ಬೆರಳೆತ್ತಿದ ಚಿತ್ರ ಕಳಿಸಿದ್ದರು, ಬೇರೆ ಏನೂ ಇಲ್ಲ.

ಕೇಳುವವರು ಜಾಸ್ತಿ ಇಲ್ಲ. ಒಮ್ಮೊಮ್ಮೆ ಯಾರೋ ಒಬ್ಬರು ತಮಗೆ ಬಂದ ನೋಟಿಸಿನ ಫೋಟೊ ಕಳಿಸಿ ‘ಇದೇನ್ ಸಾರ್’ ಅನ್ನುತ್ತಾರೆ. ನನಗೆ ಅಷ್ಟು ಸಾಕು. ಅರ್ಥವಾಗಲಿಲ್ಲ ಅಂತ ಕೇಳಲು ನಾಚಿಕೆಪಡದ ಒಂದು ಜಾಗ ಇದ್ದರೆ ಅಷ್ಟು ಸಾಕು.

ಹೋದ ವರ್ಷ ಜಾತ್ರೆಗೆ ಮತ್ತೆ ಕುರುಕ್ಷೇತ್ರ ಆಡಿದರು. ದೊಡ್ಡಪ್ಪನಿಗೆ ಮಂಡಿ ನೋವು, ದುರ್ಯೋಧನನ ಪಾರ್ಟು ಅವರ ತಂಗಿಯ ಮಗ ತಗೊಂಡ. ಪಿ.ಯು.ಸಿ. ಓದಿದ ಹುಡುಗ. ಪ್ರಾಕ್ಟೀಸಿನಲ್ಲಿ ಮೊಬೈಲಿನಲ್ಲಿ ಮಾತು ಬರೆದುಕೊಂಡು ನೋಡಿ ಓದುತ್ತಿದ್ದ. ಆ ಪದದ ಹತ್ತಿರ ಬಂದು ‘ಏಕಾದಶಾ ಕ್ಷೌಹಿಣಿ’ ಅಂತ ಎಡವಿ ನಿಂತ. ಕ್ಷೌಹಿಣಿ ಅಂದರೆ ಏನು ಅಂತ ನನ್ನ ಮುಖ ನೋಡಿದ. ಅಲ್ಲಿಯೂ ‘ಅ’ ಕರಗಿಹೋಗಿತ್ತು.

ನಾನು ಬಾಯಿ ತೆರೆಯುವಷ್ಟರಲ್ಲಿ ಮೂಲೆಯ ಚಾಪೆ ಮೇಲೆ ಕಾಲು ಚಾಚಿ ಕೂತಿದ್ದ ದೊಡ್ಡಪ್ಪ ಅಂದರು, ‘ಆ ಮೊಬೈಲ್ ಮಡಗ್ಲಾ ಅತ್ಲಾಗೆ. ಅಧಿಪತಿ ಅನ್ನು.’

‘ಅಧಿಪತಿ.’

‘ಸೇನಾಧಿಪತಿ ಅನ್ನು.’